ಒಲ್ಲೆ ಅಂದವನ ಸಹಿ

3 ಜೂನ್ 2003

ಅಪ್ಪಾ,

ಇದನ್ನ ಜಂಬಣ್ಣನ ಕೈಯಾಗ ಕಳಿಸಾಕ ಹತ್ತೀನಿ. ನಮ್ಮ ಪಲ್ಟನ್ನಿನವನ, ಇಟ್ಟಿಗಿ ಊರಿನವ. ರಜಾ ಮ್ಯಾಲೆ ಊರಿಗೆ ಹೊಂಟಾನ. ಕೊಟ್ಟೂರಿನಾಗ ನೀನು ಕಾವಲು ಇರೋ ಬ್ಯಾಂಕಿಗೇ ಹೋಗಿ ನಿನ್ನ ಕೈಗೇ ಕೊಡು, ಕೂಡ್ಲಿಗಿ ಮನಿಗೆ ಒಯ್ಯಬ್ಯಾಡ ಅಂತ ಹೇಳೀನಿ. ಅವ್ವಗ ಎಷ್ಟು ಹೇಳಬೇಕು ಅನ್ನೋದು ನಿನಗ ಬಿಟ್ಟದ್ದು.

ಅಮೆರಿಕದವರು ಇರಾಕ್ ಹಿಡಿದದ್ದು ನೀನು ರೇಡಿಯೋದಾಗ ಕೇಳಿರ್ತಿ. ನಿಮ್ಮ ಫೌಜನ್ನೂ ಅಲ್ಲಿಗೆ ಕಳಿಸ್ರಿ ಅಂತ ಈಗ ನಮ್ಮವರನ್ನ ಕೇಳ್ಯಾರ. ದಿಲ್ಲಿಯಾಗ ಇನ್ನಾ ಏನೂ ನಿಕ್ಕಿ ಆಗಿಲ್ಲ. ಆದ್ರ ಹೋಗೋದಾದ್ರ ನಮ್ಮ ಪಲ್ಟನ್ನೂ ಹೋಗಬಹುದು ಅಂತ ಇಲ್ಲಿ ಎಲ್ಲಾರೂ ಮಾತಾಡಾಕ ಹತ್ಯಾರ. ಹೋದ ವಾರ ಪಲ್ಟನ್ನಿಗೇ ದೊಡ್ಡವರು, ಸಿ.ಓ. ಸಾಹೇಬರು, ನಮ್ಮನ್ನೆಲ್ಲಾ ಕೂಡ್ರಿಸಿ, ತಯಾರಿರ್ರಿ ಅಂತ ಹೇಳಿದ್ರು. ಕಡೀಗೆ, “ಯಾರಿಗಾದ್ರೂ ಏನಾದ್ರೂ ಕೇಳೋದೈತೇನು?” ಅಂದ್ರು.

ಹಂಗ ಕೇಳೋದು ಒಂದು ರೂಢಿ. ಯಾರೂ ಏನೂ ಕೇಳಂಗಿಲ್ಲ ಅನ್ನೋದು ನಿನಗ ಗೊತ್ತು. ನಾನು ಎದ್ದು ನಿಂತೆ.

“ಸಾಬ್, ಅವರು ನಮ್ಮ ಮ್ಯಾಲೆ ಬಂದಾರೇನ್ರಿ?”

“ಇಲ್ಲ.”

“ವಿಶ್ವಸಂಸ್ಥೆ ಕಳಿಸ್ತೈತೇನ್ರಿ?”

“ಇನ್ನಾ ಇಲ್ಲ. ಕೂತ್ಕೋ.”

“ಹಂಗಾದ್ರ ನನಗ ಹೋಗಾಕ ಆಗಂಗಿಲ್ಲ ಸಾಬ್.”

ಆರುನೂರು ಮಂದಿ ಕೂತಿದ್ರು ಅಪ್ಪಾ. ಸುಬೇದಾರ ಸಾಹೇಬರು ಬಂದು ನನ್ನ ಹೆಗಲು ಒತ್ತಿ ಕೂಡ್ರಿಸಿದ್ರು. ಮರುದಿನ ಎಲ್ಲಾರ ಮುಂದ ಒಂದು ಪಟ್ಟಿ ಬಂತು, ಹೋಗಾಕ ತಯಾರದೀವಿ ಅಂತ ಸಹಿ ಮಾಡೋ ಪಟ್ಟಿ. ನನ್ನ ಹೆಸರಿನ ಮುಂದ ‘ಒಲ್ಲೆ’ ಅಂತ ಬರೆದೆ. ಅವತ್ತು ಮಧ್ಯಾಹ್ನಾನ ನನ್ನ ರೈಫಲ್ ತೊಗೊಂಡ್ರು. ಈಗ ವಿಚಾರಣಿ ನಡದೈತಿ. ಬ್ಯಾರಕ್ಕು, ಅಡಿಗಿ ಮನಿ, ಆಫೀಸು ಇಷ್ಟ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ.

ಅಂಜಿ ಹಂಗಂದೆ ಅಂತ ಮಾತ್ರ ತಿಳ್ಕೋಬ್ಯಾಡ. ಕಾರ್ಗಿಲ್ಲಿಗೆ ಹೋಗು ಅಂದಾಗ ಎರಡನೇ ಮಾತು ಆಡ್ಲಿಲ್ಲ ನಾನು. ಅವರು ಬಂದು ನಮ್ಮ ಗುಡ್ಡ ಏರಿ ಕೂತಿದ್ರು. ಇಲ್ಲಿ ಮಂದಿ ಮನಿ ಬಾಗಿಲಿಗೆ ನಾವ ಹೋಗಿ ನಿಂದರಬೇಕು.

ನಿನ್ನ ಮಗ,
ಕ್ರಾಂತಿಕುಮಾರ್


ಕೂಡ್ಲಿಗಿ, 14 ಜೂನ್ 2003

ಕ್ರಾಂತಿ,

ಜಂಬಣ್ಣ ಕಾಗದ ಕೊಟ್ಟು, ಚಾ ಕುಡಿಯಾಕೂ ನಿಂದರದ ಹೋದ. ಬ್ಯಾಂಕಿನ ಬಾಗಿಲಾಗ ಬಂದೂಕು ತೊಡಿ ಮ್ಯಾಲೆ ಇಟ್ಕೊಂಡು ಓದಿದೆ. ಓದಿ ಮುಗಿಸೋದ್ರಾಗ ಎಷ್ಟು ಮಂದಿ ಒಳಗ ಹೋದ್ರು, ಎಷ್ಟು ಮಂದಿ ಹೊರಗ ಬಂದ್ರು, ನನಗ ಗೊತ್ತಿಲ್ಲ.

ನೀನು ಯಾರಲೇ ಯುದ್ಧ ಆರಿಸ್ಕೊಳ್ಳಾಕ? ಇದು ಸಂತಿ ಅಂತ ತಿಳ್ಕೊಂಡಿಯೇನು, ಈ ಬದನಿಕಾಯಿ ಬ್ಯಾಡ, ಆ ಬದನಿಕಾಯಿ ಬೇಕು ಅನ್ನಾಕ? ಇವತ್ತು ನೀನು ಇರಾಕ್ ಒಲ್ಲೆ ಅಂತಿ. ನಾಳಿ ಇನ್ನೊಬ್ಬ ಗಡಿ ಒಲ್ಲೆ ಅಂತಾನ. ನಾಡಿದ್ದು ಮತ್ತೊಬ್ಬ, ಪಕ್ಕದಾಗ ನಿಂತವನ ಜಾತಿ ನೋಡಿ ಇವನ ಸಂಗಾಟ ಹೋಗಂಗಿಲ್ಲ ಅಂತಾನ. ಅವತ್ತು ಏನು ಮಾಡ್ತಿ? ಎಲ್ಲಾರಿಗೂ ಒಂದ ಹುಕುಂ ಅನ್ನೋದರಿಂದಾನ ನಮ್ಮಂಥವರು ಅಲ್ಲಿ ಎಲ್ಲಾರ ಸಮ ನಿಂತಿದ್ದು.

ನಿನಗ ಹೇಳಿದ್ದ ಮಾತು, ಮತ್ತ ಹೇಳ್ತೀನಿ. ನಾನು ಫೌಜಿಗೆ ಸೇರೋ ಮೊದಲು ಬೆನಕಪ್ಪನ ಹೋಟೆಲಿನಾಗ ನಮ್ಮ ಗ್ಲಾಸು ಹೊರಗ ಗೂಟಕ್ಕ ಇರ್ತಿತ್ತು. ನಾವ ತೊಳದು, ನಾವ ಇಡಬೇಕು. ಮೊದಲನೇ ರಜಾಕ್ಕ ವರ್ದಿ ಹಾಕ್ಕೊಂಡು ಬಂದೆ ನೋಡು, ಬೆನಕಪ್ಪ ತಾನ ಎದ್ದು ಬಂದು, “ಒಳಗ ಬರ್ರಿ ಸೋಮಪ್ಪನವರ” ಅಂದ. ಅಲ್ಲೀತನ ನಾನು ಸೋಮ್ಯಾ. ಆ ವರ್ದಿ ಬರೀ ಬಟ್ಟಿ ಅಲ್ಲ. ನಿನಗ ಅದು ಹುಟ್ಟಿದಾಗಿಂದ ಮನಿಯಾಗಿತ್ತು, ಅದಕ್ಕ ಹಗುರ ಆಗೈತಿ.

ಕ್ರಾಂತಿ ಅಂತ ಹೆಸರಿಟ್ಟಾಂವ ನಿಮ್ಮ ಸೋದರಮಾವ. ಅವ ಚಳವಳಿ ಮಾಡಿದ, ಬೋರ್ಡು ಬರೆದ, ಪೊಲೀಸರ ಏಟು ತಿಂದ. ಚಲೋ ಮನುಷ್ಯಾನ. ಆದ್ರ ಆ ಚಳವಳಿ ನಡೀವಾಗ ಮನಿಗೆ ಅಕ್ಕಿ ಕಳಿಸಿದಾಂವ ನಾನು.

ಹತ್ತು ವರ್ಷ ಆತು ನಿನಗ. ಇನ್ನು ಐದು ವರ್ಷ ಬಾಯಿ ಮುಚ್ಕೊಂಡಿದ್ರ ಪಿಂಚಣಿ. ತಪ್ಪಾತು ಅಂತ ಹೇಳಿ ಬಿಡು. ಅವ್ವಗ ಏನೂ ಹೇಳಿಲ್ಲ.

ಸೋಮಪ್ಪ, ಮಾಜಿ ಹವಾಲ್ದಾರ


28 ಜೂನ್ 2003

ಅಪ್ಪಾ,

ಈ ಸಲ ಪ್ಯಾಟಿಗೆ ಹೋಗೋ ಡ್ರೈವರ್ ಕೈಯಾಗ ಕೊಟ್ಟು ಹೊರಗಿನ ಡಬ್ಬಿಗೆ ಹಾಕಿಸ್ತೀನಿ. ಫೌಜಿನ ಟಪಾಲಿಗೆ ಹಾಕಿದ್ರ ಆಫೀಸಿನಾಗ ಒಡೆದು ಓದ್ತಾರ.

ನೀನು ಬರೆದದ್ದು ನಾಕು ಸಲ ಓದಿದೆ. ಎಲ್ಲಾರೂ ತಮಗ ಬೇಕಾದ ಯುದ್ಧ ಆರಿಸ್ಕೊಂಡ್ರ ಫೌಜು ಉಳಿಯಂಗಿಲ್ಲ ಅನ್ನೋದು ಖರೇ. ಅದಕ್ಕ ನನ್ನ ಹತ್ರ ಉತ್ತರ ಇಲ್ಲ. ಆದ್ರ ಯಾವುದನ್ನೂ ಒಲ್ಲೆ ಅನ್ನದಂಥ ಮನುಷ್ಯಾನ ಕೈಯಾಗ ಬಂದೂಕು ಇದ್ರ ಏನಾಗ್ತೈತಿ ಅನ್ನೋದಕ್ಕ ನಿನ್ನ ಹತ್ರ ಉತ್ತರ ಐತೇನು?

ಇಲ್ಲಿ ಯಾರೂ ನನ್ನ ಬೈಯಂಗಿಲ್ಲ. ಬೈದಿದ್ರ ಚಲೋ ಇತ್ತು. ಊಟಕ್ಕ ಕೂತ್ರ ಆಜುಬಾಜು ಎರಡು ಜಾಗ ಖಾಲಿ ಬಿಡ್ತಾರ. ರಜಾದಿಂದ ಬಂದ ಜಂಬಣ್ಣ ನಿನ್ನೆ ಪಾತ್ರಿ ತೊಳಿಯೋ ಹತ್ರ ಸಣ್ಣ ದನಿಯಾಗ ಹೇಳಿದ, “ನನಗೂ ಮನಸ್ಸಿರ್ಲಿಲ್ಲ ಲೇ. ಸಹಿ ಹಾಕಿದೆ. ನೀ ನನ್ನ ಸಂಗಾಟ ಮಾತಾಡಬ್ಯಾಡ, ನೋಡ್ತಾರ.”

ಒಂದು ಮಾತು ಕೇಳ್ಲಿ? ನಾನು ಏಳನೇ ಕ್ಲಾಸಿನಾಗ ಇದ್ದಾಗ, ಶಾಂತಿ ಪಡೆಯಾಗ ಹೋಗಿದ್ದ ನೀನು ಶ್ರೀಲಂಕಾದಿಂದ ತಿರುಗಿ ಬಂದಿ. ಮೊದಲು ನಮ್ಮನ್ನ ಕೂಡ್ರಿಸ್ಕೊಂಡು ತಮಿಳಿನಾಗ ಅಂಕಿ ಹೇಳಿಸ್ತಿದ್ದಿ. ಬಂದ ಮ್ಯಾಲೆ ಒಂದು ಸಲಾನೂ ಹೇಳಿಸ್ಲಿಲ್ಲ. ಬಸ್ಸಿನಾಗ ಯಾರಾದ್ರೂ ತಮಿಳು ಮಾತಾಡಿದ್ರ ಎದ್ದು ಹಿಂದಿನ ಸೀಟಿಗೆ ಹೋಗ್ತಿದ್ದಿ. ಅಲ್ಲಿ ಏನಾತು ಅಂತ ಅವ್ವನೂ ಕೇಳ್ಲಿಲ್ಲ, ನಾವೂ ಕೇಳ್ಲಿಲ್ಲ.

ಕ್ರಾಂತಿ


ಗುಡೇಕೋಟೆ, 7 ಜುಲೈ 2003

ಅಣ್ಣಾ,

ಅಪ್ಪನ ಅಂಗಿ ಒಗಿಯಾಕ ತೊಗೊಂಡಾಗ ನಿನ್ನ ಎರಡೂ ಕಾಗದ ಸಿಕ್ಕವು. ಓದಿಬಿಟ್ಟೆ, ಬೈಯಬ್ಯಾಡ. ಆತನ ಮುಂದ ಓದೀನಿ ಅಂತ ಹೇಳಿಲ್ಲ. ಆತ ನನಗ ಹೇಳಿಲ್ಲ. ಅವ್ವನ ಮುಂದ ಇಬ್ಬರೂ ಹೇಳಿಲ್ಲ. ಒಂದ ಮನಿಯಾಗ ಮೂರು ಮಂದಿ ಹಿಂಗ ಕೂತು ಉಣ್ಣಾಕ ಹತ್ತೀವಿ. ನಾನು ಶನಿವಾರ ಸಾಲಿ ಬಿಟ್ಟ ಮ್ಯಾಲೆ ಕೂಡ್ಲಿಗಿಗೆ ಹೋಗ್ತೀನಲ್ಲ, ಸೋಮವಾರ ಇಲ್ಲಿಗೆ ಬಸ್ ಹತ್ತಿದಾಗ ಉಸಿರು ಬಿಟ್ಟಂಗ ಆಗ್ತೈತಿ.

ನೀನು ಮಾಡಿದ್ದು ಸರಿ ಅಂತ ನನಗ ಅನ್ನಿಸ್ತೈತಿ. ಆದ್ರ ಹಂಗನ್ನೋದು ನನಗ ಸಸಾರ. ರೈಫಲ್ ಕಸ್ಕೊಂಡಿದ್ದು ನಿನ್ನದು, ನನ್ನ ಸೀಮೆಸುಣ್ಣ ಅಲ್ಲ.

ಶ್ರೀಲಂಕಾದ ಮಾತು ಯಾಕ ಎತ್ತಿದಿ? ಆ ಕಾಗದ ಬಂದಾಗಿಂದ ಅಪ್ಪ ಎರಡು ರೊಟ್ಟಿ ತಿನ್ನೋದು ಬಿಟ್ಟು ಒಂದ ತಿಂತಾನ. ಅವ್ವ ಕೇಳಿದ್ರ ಹಲ್ಲು ನೋವು ಅಂತಾನ.

ನಿನ್ನ ತಂಗಿ,
ಸುಮಂಗಲಾ


ಕೂಡ್ಲಿಗಿ, 16 ಜುಲೈ 2003

ಕ್ರಾಂತಿ,

ಮೊನ್ನೆ ರೇಡಿಯೋದಾಗ ಹೇಳಿದ್ರು. ವಿಶ್ವಸಂಸ್ಥೆ ಹೇಳದ ನಮ್ಮ ಫೌಜು ಇರಾಕಿಗೆ ಹೋಗಂಗಿಲ್ಲ ಅಂತ ಸರ್ಕಾರ ನಿಕ್ಕಿ ಮಾಡೈತಿ. ನಾನು ಎದ್ದು ನಿಂತು ಕೇಳಿದೆ. ಮುಗೀತಲ್ಲಪಾ! ಯಾರೂ ಹೋಗಂಗಿಲ್ಲ ಅಂದ ಮ್ಯಾಲೆ ನೀನು ಒಲ್ಲೆ ಅಂದದ್ದಕ್ಕ ಏನು ಬೆಲಿ? ಏನು ಕಾಗದ ಕೊಡ್ತಾರೋ ಅದಕ್ಕ ಕಣ್ಣು ಮುಚ್ಚಿ ಸಹಿ ಹಾಕು. ನಿಮ್ಮ ಅವ್ವಗ ಇವತ್ತು ಮೆಣಸಿನಕಾಯಿ ಬಜ್ಜಿ ಮಾಡಾಕ ಹೇಳೀನಿ. ಯಾಕಂತ ಆಕೀಗೆ ಗೊತ್ತಿಲ್ಲ.

ಅಪ್ಪ


25 ಜುಲೈ 2003

ಅಪ್ಪಾ,

ನಿನ್ನ ಕಾಗದ ಬಂತು. ಬಜ್ಜಿ ಸುದ್ದಿ ಓದಿ ನಗು ಬಂತು, ಆಮ್ಯಾಲೆ ಕಣ್ಣಾಗ ನೀರೂ ಬಂತು.

ಮುಗಿದಿಲ್ಲ. ಇಲ್ಲಿಯವರಿಗೆ ಇರಾಕ್ ದೊಡ್ಡದಲ್ಲ. ಆರುನೂರು ಮಂದಿ ಮುಂದ ನಿಂತು ಅಂದದ್ದು ದೊಡ್ಡದು. ಸಿಟ್ಟಿನ ಮನುಷ್ಯಾ ಅಲ್ಲ ನಮ್ಮ ಮೇಜರ್ ಸಾಹೇಬರು. ಕರೆದು ಕುರ್ಚಿ ಕೊಟ್ಟು ಹೇಳಿದ್ರು, “ದೇಶಾನ ಹೋಗಲಿಲ್ಲ, ನಿನ್ನ ಮಾತು ಸರಿ ಅಂತ ನೀನು ತಿಳಿದಿರಬಹುದು. ಆದ್ರ ಅದನ್ನ ದೇಶ ಹೇಳಬೇಕು, ನೀನಲ್ಲ. ನಿನ್ನ ಉಳಿಸಾಕ ನನ್ನ ಹತ್ರ ಒಂದ ದಾರಿ ಐತಿ.”

ಟೈಪ್ ಮಾಡಿದ ಒಂದು ಹಾಳಿ. ಅವತ್ತು ನನ್ನ ಮನಸ್ಸು ಸ್ಥಿಮಿತದಾಗ ಇರ್ಲಿಲ್ಲ, ಏನು ಮಾತಾಡ್ತೀನಿ ಅನ್ನೋ ಅರಿವು ಇರ್ಲಿಲ್ಲ, ಆ ಮಾತು ನನ್ನದಲ್ಲ. ಇಷ್ಟು ಬರೆದೈತಿ. ಸಹಿ ಹಾಕಿದ್ರ ಕೇಸು ಇಲ್ಲ, ನೌಕರಿ ಉಳೀತೈತಿ. ಹಾಕದಿದ್ರ ಹೊರಗ ಹಾಕ್ತಾರ. ಪಿಂಚಣಿ ಇಲ್ಲ, ನಡತಿ ಕೆಟ್ಟದ್ದು ಅಂತ ಬರೆದು ಕೊಡ್ತಾರ. ನಿನ್ನಂಗ ಬ್ಯಾಂಕಿನ ಬಾಗಿಲಾಗ ಕೂಡಾಕೂ ಯಾರೂ ಕರಿಯಂಗಿಲ್ಲ. ಆಗಸ್ಟ್ ಹನ್ನೆರಡು ಕಡೀ ದಿನ.

ತಪ್ಪಾತು ಅಂತ ಬರೆದಿದ್ರ ಹಾಕಬಹುದಿತ್ತು. ಆ ಮಾತು ನನ್ನದಲ್ಲ ಅಂತ ಹೆಂಗ ಹಾಕಲಿ? ನಾನು ಹುಟ್ಟಿದಾಗಿಂದ ಆಡಿದ ಮಾತಿನಾಗ ಅದೊಂದ ಪೂರಾ ನನ್ನದು.

ಆದ್ರೂ ನಿನ್ನ ಮಾತು ಮೀರಾಕ ನನಗ ಆಗಂಗಿಲ್ಲ. ಹಾಳಿಯಾಗ ಏನೈತಿ ಅಂತ ತಿಳಿದು ಇನ್ನೊಂದು ಸಲ ಹೇಳು. ಹಾಕು ಅಂದ್ರ ಹಾಕ್ತೀನಿ. ಬ್ಯಾಡ ಅಂದ್ರ ಇಲ್ಲ. ಫೋನು ಮಾಡಬ್ಯಾಡ, ಆಫೀಸಿನಾಗ ಸುಬೇದಾರ ಸಾಹೇಬರ ಮುಂದ ನಿಂತು ಮಾತಾಡಬೇಕು. ಕಾಗದಾನ ಬರಿ. ಅಷ್ಟರಾಗ ಕಾಗದ ಬರದಿದ್ರ, ಸಹಿ ಹಾಕು ಅಂದ ನಿನ್ನ ಹಿಂದಿನ ಮಾತ ಮಾತು ಅಂತ ತಿಳ್ಕೊಂತೀನಿ.

ಕ್ರಾಂತಿ


ಕೂಡ್ಲಿಗಿ, 7 ಆಗಸ್ಟ್ 2003

ಕ್ರಾಂತಿ,

ನಿನ್ನ ಕಾಗದ ಒಂದನೇ ತಾರೀಕಿಗೆ ಬಂತು. ಅವತ್ತ ಬರೀಬೇಕಿತ್ತು. ದಿನಾ ಕೂತೆ, ದಿನಾ ಎದ್ದೆ. ತಂತಿ ಕೊಡೋಣ ಅಂತ ಅಂಚಿ ಕಚೇರಿ ಮಟ ಹೋದೆ. ಸಹಿ ಬ್ಯಾಡ ಅಂತ ನಾನು ಕೊಟ್ಟ ತಂತಿಯನ್ನ ನಿಮ್ಮ ಕ್ಲಾರ್ಕು ಓದಿದ್ರ ನಿನಗ ಇನ್ನಾ ಏನಾದ್ರೂ ಆದೀತು ಅಂತ ತಿರುಗಿ ಬಂದೆ. ಅಂಜಿಕಿ ನನಗ ಹೊಸಾದಲ್ಲ. ಅದನ್ನ ಹೇಳಬೇಕು ನಿನಗ.

ಶ್ರೀಲಂಕಾದಾಗ ನಾನು ನಮ್ಮ ಪಲ್ಟನ್ನಿನ ಸಂಗಾಟ ಇರ್ಲಿಲ್ಲ. ಇಪ್ಪತ್ತು ವರ್ಷ ಪಲ್ಟನ್ನಿನಾಗ ತಮಿಳರ ಜೊತಿ ಉಂಡು ಮಲಗಿದಾಂವ, ಹಿಂದೀನೂ ಬರ್ತೈತಿ ಅಂತ ನನ್ನೊಬ್ಬನ್ನ ಉತ್ತರದವರ ಒಂದು ತುಕಡಿಗೆ ಕೊಟ್ರು. ಅವರಿಗೆ ಅಲ್ಲಿಯ ಒಂದು ಅಕ್ಷರ ಬರ್ತಿರ್ಲಿಲ್ಲ. ನನ್ನ ಬಂದೂಕಿಗಿಂತ ನನ್ನ ನಾಲಿಗಿ ಅವರಿಗೆ ಬೇಕಾಗಿತ್ತು.

ಒಂದು ದಿನ ಮುಂಜಾನೆ ಒಂದು ಓಣಿಯಾಗ ನಮ್ಮವ ಒಬ್ಬ ಒಂದು ಮನಿ ಬಾಗಿಲು ಬಡಿಯಾಕ ಹೋಗಿ ಗುಂಡು ತಿಂದ. ನನ್ನ ಪಕ್ಕದಾಗ ಮಲಗ್ತಿದ್ದ ಹುಡುಗ. ಮಧ್ಯಾಹ್ನ ಅದ ಓಣಿಯ ಇನ್ನೊಂದು ಮನಿ ಸುತ್ತುಗಟ್ಟಿದ್ವಿ. ತಾಳಿ ಮರದ ಗರಿ ಬೇಲಿ, ಬೇಲಿ ಮ್ಯಾಲೆ ಒಣಗ ಹಾಕಿದ ಬಟ್ಟಿ. ಒಳಗಿಂದ ಒಂದು ಹೆಣ್ಣು ದನಿ ಕೂಗಿತು. ನಾವು ಹೆಂಗಸರು ಅದೀವಿ, ಒಬ್ಬ ಮುದುಕ ಅದಾನ, ಹೊರಗ ಬರಾಕ ಅಂಜಿಕಿ ಆಗ್ತೈತಿ, ಯಾರಾದ್ರೂ ಒಬ್ಬರು ಬಾಗಿಲ ಹತ್ರ ಬರ್ರಿ ಅಂತ.

ಸಾಹೇಬ ಸಣ್ಣ ವಯಸ್ಸಿನಾಂವ. ನನ್ನ ಕಡೆ ತಿರುಗಿ, “ಏನಂತಾರ?” ಅಂದ.

ಹೆಂಗಸರದಾರ ಅಂದ್ರ, ಹಂಗಾದ್ರ ನೀನ ಬಾಗಿಲಿಗೆ ಹೋಗು ಅಂತಾನ. ಭಾಷೆ ಬರೋದು ನನಗೊಬ್ಬಗ. ಮುಂಜಾನೆ ಬಾಗಿಲಿಗೆ ಹೋದಾಂವ ಹೆಂಗ ಬಿದ್ದಿದ್ದ ಅನ್ನೋದು ಕಣ್ಣ ಮುಂದ ಇತ್ತು. ನಾನು, “ತಿಳೀಲಿಲ್ಲ ಸಾಬ್” ಅಂದೆ.

ಸಾಹೇಬ ಹುಕುಂ ಕೊಟ್ಟ. ಎಲ್ಲಾರೂ ಹೊಡದ್ರು. ನಾನೂ ಹೊಡದೆ. ಒಳಗ ಮೂರು ಮಂದಿ ಹೆಂಗಸರು, ಒಬ್ಬ ಮುದುಕ. ಬಂದೂಕು ಗಿಂದೂಕು ಏನೂ ಇರ್ಲಿಲ್ಲ. ಆ ಸಾಹೇಬ ಬಾವಿ ಕಟ್ಟಿ ಮ್ಯಾಲೆ ಕೂತು ಅತ್ತ. ಅವಗ ನಾನು ಸಮಾಧಾನ ಹೇಳಿದೆ.

ಹುಕುಂ ಪಾಲಿಸಿದೆ ಅಂತ ಹದಿನಾರು ವರ್ಷ ನನಗ ನಾನ ಹೇಳ್ಕೊಂಡೀನಿ. ಆದ್ರ ಹುಕುಂ ಬರೋಕಿಂತ ಮೊದಲು ನನಗ ಒಂದು ಮಾತು ಕೇಳಿದ್ರು. ಕೇಳಿದ್ರು ಕ್ರಾಂತಿ. ಫೌಜು ಬಿಡುವಾಗ ಕೊಟ್ಟ ಪತ್ರದಾಗ ನನ್ನ ನಡತಿ ಉತ್ತಮ ಅಂತ ಬರೆದೈತಿ. ಅದನ್ನ ತೋರಿಸಿ ಈ ಬ್ಯಾಂಕಿನ ನೌಕರಿ ಹಿಡದೆ, ನಿಮ್ಮನ್ನ ಓದಿಸಿದೆ.

ನೀನು ಎದ್ದು ನಿಂತು ಹೇಳಿದಿ. ಅದು ನಿನ್ನ ಮಾತು ಅಲ್ಲ ಅಂತ ಬರಕೊಡಬ್ಯಾಡ. ಮನಿಗೆ ಬಂದುಬಿಡು. ಇದ್ದದ್ದನ್ನ ಹಂಚ್ಕೊಂಡು ಉಂಡ್ರಾತು.

ನಿನ್ನಪ್ಪ


16 ಆಗಸ್ಟ್ 2003

ಅಪ್ಪಾ,

ನಿನ್ನ ಕಾಗದ ಹದಿನಾಲ್ಕಕ್ಕ ಬಂತು. ನಾನು ಹನ್ನೆರಡಕ್ಕ ಸಹಿ ಹಾಕಿದೆ. ಸಂಜಿ ಐದರ ಮಟ ಟಪಾಲು ಕಾದೆ. ಆಫೀಸು ಮುಚ್ಚೋ ಹೊತ್ತಾತು.

ಹರಿದು ಹಾಕ್ರಿ, ನಾ ಸಹಿ ವಾಪಸ್ ತೊಗೊಂತೀನಿ ಅಂತ ನಿನ್ನೆ ಮೇಜರ್ ಸಾಹೇಬರ ಹತ್ರ ಹೋಗಿ ಕೇಳಿದೆ. ಅವರು ಬಾಳ ಮೆತ್ತಗ ಹೇಳಿದ್ರು, “ನೋಡು, ಮನಸ್ಸು ಸ್ಥಿಮಿತ ಇಲ್ಲ ಅಂತ ನೀನ ಬರಕೊಟ್ಟೀಯಲ್ಲ. ಈಗ ನೀನು ಹೇಳೋದನ್ನ ನಾನು ಹೆಂಗ ಹಿಡೀಲಿ?”

ಮುಂದಿನ ವಾರ ಆಸ್ಪತ್ರಿಗೆ ಕಳಿಸ್ತಾರಂತ. ಆಮ್ಯಾಲೆ ಉಗ್ರಾಣದಾಗ ಕೆಲಸ. ಕಂಬಳಿ ಮಡಚೋದು, ಎಣಿಸೋದು. ಐದು ವರ್ಷ. ಇನ್ನು ರೈಫಲ್ ಕೊಡಂಗಿಲ್ಲ. ಊಟದ ಹೊತ್ತಿನಾಗ ಈಗ ನನ್ನ ಆಜುಬಾಜು ಕೂಡ್ತಾರ. ಹುಚ್ಚರನ್ನ ಕಂಡ್ರ ಅಂಜಿಕಿ ಇಲ್ಲ ಅವರಿಗೆ. ಜಂಬಣ್ಣ ಮಾತ್ರ ದೂರ ಕೂಡ್ತಾನ. ಅವಗ ಗೊತ್ತೈತಿ.

ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ಬಾಗಿಲ ಹತ್ರ ಬರ್ರಿ ಅಂದ ದನಿ ನೀನು ಹದಿನಾರು ವರ್ಷ ಒಬ್ಬನ ಕೇಳಿದಿಯಲ್ಲ ಅಂತ ಸಂಕಟ ಆಗ್ತೈತಿ.

ಕ್ರಾಂತಿ


ಗುಡೇಕೋಟೆ, 18 ಆಗಸ್ಟ್ 2003

ಅಣ್ಣಾ,

ಪ್ರತಿ ವರ್ಷ ಆಗಸ್ಟ್ ಹದಿನೈದಕ್ಕ ನಮ್ಮ ಸಾಲಿಗೆ ಅಪ್ಪನ್ನ ಕರೀತಾರಲ್ಲ, ಮಾಜಿ ಸೈನಿಕರು ಅಂತ. ಹುಡ್ರಿಗೆ ಎಪ್ಪತ್ತೊಂದರ ಯುದ್ಧದ ಕಥಿ ಹೇಳ್ತಾನ, ಪೆಪ್ಪರಮೆಂಟು ಹಂಚ್ತಾನ. ಈ ಸಲ ಬರಂಗಿಲ್ಲ ಅಂದಿದ್ದ, ಆದ್ರ ಬಂದ. ಪದಕ ಹಾಕ್ಕೊಂಡಿರ್ಲಿಲ್ಲ.

ಎದ್ದು ನಿಂತು ಒಂದು ಮನಿ ಕಥಿ ಹೇಳಿದ. ನಿನಗ ಬರೆದೀನಿ ಅಂದ, ಅದಕ್ಕ ನಾನು ಮತ್ತ ಬರಿಯಂಗಿಲ್ಲ. ಹುಡ್ರಿಗೆ ತಿಳಿಯೋ ಹಂಗ, ಒಂದೊಂದ ಮಾತಿನಾಗ ಹೇಳಿದ. “ಆ ಹೆಣ್ಣುಮಗಳು ಹೇಳಿದ್ದು ನನಗ ತಿಳಿದಿತ್ತು. ತಿಳೀಲಿಲ್ಲ ಅಂತ ಸುಳ್ಳು ಹೇಳಿದೆ” ಅಂತ ಹೇಳಿ ಮುಗಿಸಿದ.

ಹುಡ್ರು ಚಪ್ಪಾಳಿ ಹೊಡದ್ರು ಅಣ್ಣಾ. ಸೈನಿಕರ ಭಾಷಣ ಮುಗಿದ ಮ್ಯಾಲೆ ಜೋರಾಗಿ ಹೊಡೀಬೇಕು ಅಂತ ಹಿಂದಿನ ದಿನ ನಾನ ಕಲಿಸಿದ್ದೆ. ಅಪ್ಪ ಆ ಚಪ್ಪಾಳಿ ನಿಂದರೋ ಮಟ ಹಂಗ ನಿಂತಿದ್ದ. ಸಾಲಿ ಅಡಿಗಿ ಮಾಡೋ ಅಂಜಿನಕ್ಕ ಮಾತ್ರ ಬಾಗಿಲಾಗ ಬಾಯಿಗೆ ಸೆರಗು ಹಿಡ್ಕೊಂಡಿದ್ಲು.

ಸಾಲಿ ಕಮಿಟಿ ಅಧ್ಯಕ್ಷರು ಗಂಗಾಧರಪ್ಪನವರು ಮೈಕು ತೊಗೊಂಡು, “ಹಿರಿಯರಿಗೆ ವಯಸ್ಸಾತು, ಮಗನ ಚಿಂತಿ ಬ್ಯಾರೆ, ಮನಸ್ಸಿಗೆ ಹಚ್ಕೋಬ್ಯಾಡ್ರಿ” ಅಂದ್ರು. ನಿನ್ನ ಸುದ್ದಿ ಅವರಿಗೆ ಹೆಂಗ ಗೊತ್ತಾತು? ಜಂಬಣ್ಣನ ಊರು ಇಟ್ಟಿಗಿ ಕಡೆಯಿಂದ ಬಂದಿರಬೇಕು. ವೇದಿಕಿ ಇಳಿಯಾಕ ಕೈ ಕೊಡಾಕ ಬಂದವರಿಗೆ ಅಪ್ಪ, “ನನ್ನ ತಲಿ ಸರಿ ಐತ್ರಿ” ಅಂದ. ಹೂಂ ಹೂಂ ಅಂದ್ರು, ಮಕ್ಕಳಿಗೆ ಅಂದಂಗ.

ಅವ್ವಗ ಇನ್ನಾ ಗೊತ್ತಿಲ್ಲ.

ಸುಮಂಗಲಾ


ಕೂಡ್ಲಿಗಿ, 9 ಸೆಪ್ಟೆಂಬರ್ 2003

ಕ್ರಾಂತಿ,

ನೀನು ಸಹಿ ಹಾಕಿದ್ದು ಓದಿ ಎರಡು ವಾರದ ಮ್ಯಾಲಾತು. ನಾನು ಆರು ದಿನ ಸುಮ್ಮನ ಕೂತದ್ದಕ್ಕ ನಿನ್ನ ಐದು ವರ್ಷ ಹೋದವು. ಎಂಟಾಣೆ ಕಾರ್ಡಿನಾಗ ‘ಬ್ಯಾಡ’ ಅಂತ ಎರಡಕ್ಷರ ಬರೆದು ಹಾಕಿದ್ರ ಮುಗೀತಿತ್ತು.

ಇವತ್ತು ಬ್ಯಾಂಕಿನ ಮ್ಯಾನೇಜರ್ ಒಳಗ ಕರೆದ್ರು. ಪ್ರವೀಣಕುಮಾರ್ ಅಂತ, ಚಲೋ ಹುಡುಗ. ಗುಡೇಕೋಟೆ ಭಾಷಣ ಕೊಟ್ಟೂರಿನ ಮಟ ಬಂದೈತಿ. ತಲಿ ಸರಿ ಇಲ್ಲದವನ ಕೈಯಾಗ ಬಂದೂಕು ಕೊಟ್ಟು ಕೂಡ್ರಿಸೀರಿ ಅಂತ ಯಾರೋ ಮ್ಯಾಲೆ ಬರೆದಾರಂತ. “ಮಗನ ದುಃಖದಾಗ ಏನೋ ಅಂದುಬಿಟ್ಟೆ ಅಂತ ಹೇಳ್ರಿ ಸೋಮಪ್ಪನವರ, ನಾನು ಮ್ಯಾಲಿನವರಿಗೆ ತಿಳಿಸ್ತೀನಿ” ಅಂದ್ರು.

“ಅದು ನಡದದ್ರಿ” ಅಂದೆ.

“ನಡದಿರಬಹುದು. ನಡದಿಲ್ಲ ಅಂದ್ರ ಯಾರಿಗೆ ಲುಕ್ಸಾನು?”

ನಾನು ಬಂದೂಕಿನಾಗಿನ ಎರಡು ಗುಂಡು ತೆಗೆದು ಅವರ ಟೇಬಲ್ ಮ್ಯಾಲೆ ಇಟ್ಟೆ. ಬಂದೂಕು ಗ್ವಾಡಿಗೆ ಒರಗಿಸಿದೆ. ಹನ್ನೊಂದರ ಬಸ್ಸಿಗೆ ಕೂಡ್ಲಿಗಿಗೆ ಬಂದೆ.

ನಿಮ್ಮ ಅವ್ವ ಕಟ್ಟಿ ಮ್ಯಾಲೆ ಹಸೀ ಶೇಂಗಾ ಬಿಡಸಾಕ ಹತ್ತಿದ್ಲು. “ಯಾಕ್ರೀ, ಬ್ಯಾಂಕು ಸೂಟೀನಾ?” ಅಂದ್ಲು. “ನನಗಷ್ಟ ಸೂಟಿ” ಅಂದೆ. ಆಕಿ ಮಗ್ಗಲಿಗೆ ಕೂತು ಎಲ್ಲಾ ಹೇಳಿದೆ, ಮೊದಲು ನಿನ್ನದು, ಆಮ್ಯಾಲೆ ನನ್ನದು. ನನ್ನದು ಹೇಳುವಾಗ ಆಕಿ ಶೇಂಗಾ ಬಿಡಸೋದು ನಿಲ್ಲಿಸಿದ್ಲು. ಎದ್ದು ಒಳಗ ಹೋದ್ಲು. ಇನ್ನು ನನ್ನ ಸಂಗಾಟ ಮಾತಾಡಂಗಿಲ್ಲ ಅಂತ ತಿಳ್ಕೊಂಡೆ.

ಹೊರಗ ಬಂದು ಅಂದ್ಲು, “ಅವಗ ರಜಾ ಕೊಡ್ತಾರೇನು ಕೇಳ್ರಿ. ಕೊಡದಿದ್ರ ನಾವ ಹೋಗೋಣು.”

“ಅಲ್ಲಿ ಒಳಗ ಬಿಡಂಗಿಲ್ಲ” ಅಂದೆ.

“ಒಳಗ ಬಿಡದಿದ್ರ ಗೇಟಿಗೆ ಬರ್ಲಿ. ನಾವು ಈ ಕಡೆ ನಿಂದರ್ತೀವಿ, ಅವ ಆ ಕಡೆ ನಿಂದರ್ಲಿ. ಮಾತಾಡಾಕ ಅಷ್ಟ ಸಾಕಲ್ಲ?”

ಅಲ್ಲಿಗೆ ಹೋಗಾಕ ಯಾವ ಗಾಡಿ ಹತ್ತಬೇಕು, ಯಾವ ಸ್ಟೇಷನ್ನಿನಾಗ ಇಳೀಬೇಕು, ಬರಿ. ಈ ಸಲ ಫೌಜಿನ ಟಪಾಲಿನಾಗ ಹಾಕು. ಯಾರು ಬೇಕಾದ್ರೂ ಓದ್ಲಿ.

ನಿನ್ನಪ್ಪ,
ಸೋಮಪ್ಪ